ಡ್ಯಾನ್ಯೂಬ್ ಕ್ರೂಸ್: ಯಾವ ಊರಲ್ಲಿ ಹಡಗಿನವರ ಟೂರ್, ಯಾವ ಊರಲ್ಲಿ ನಮ್ಮದೇ ಓಡಾಟ?

ಮೈಸೂರು_ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ನಾನು, ಯಜಮಾನರು, ಅತ್ತೆ-ಮಾವ, ಕಾಲೇಜು ಓದುವ ಮಗ, ಎಲ್ಲರೂ ಡ್ಯಾನ್ಯೂಬ್ ನದಿಯಲ್ಲಿ ಏಳು ರಾತ್ರಿಯ ಕ್ರೂಸ್ ಹೋಗುವುದು ಎಂದಾಗಿದೆ. ಜರ್ಮನಿಯ ಪಸ್ಸಾವ್‌ನಲ್ಲಿ ಹತ್ತುವುದು. ಲಿಂಟ್ಸ್, ಮೆಲ್ಕ್, ಡ್ಯೂರ್ನ್‌ಸ್ಟೈನ್, ವಿಯೆನ್ನಾ, ಬ್ರಾಟಿಸ್ಲಾವಾ ನೋಡಿಕೊಂಡು ಬುಡಾಪೆಸ್ಟ್‌ನಲ್ಲಿ ಇಳಿಯುವುದು. ಬುಕಿಂಗ್ ಆಗಿದೆ, ಮುಂಗಡವೂ ಕಟ್ಟಿದ್ದೇವೆ.

ಈಗ ತಲೆನೋವು ಏನೆಂದರೆ ಸೈಟ್‌ಸೀಯಿಂಗ್. ಪ್ರತಿ ಊರಲ್ಲೂ ಒಂದು ನಡಿಗೆ ಟೂರ್ ಟಿಕೆಟ್‌ನಲ್ಲೇ ಸೇರಿದೆ. ಅದರ ಮೇಲೆ ದುಡ್ಡು ಕೊಟ್ಟು ತೆಗೆದುಕೊಳ್ಳುವ ಟೂರ್‌ಗಳು ಬೇಕಾದಷ್ಟಿವೆ: ಆಸ್ಟ್ರಿಯಾದ ಸಾಲ್ಜ್‌ಬರ್ಗ್, ಜೆಕ್ ದೇಶದ ಚೆಸ್ಕಿ ಕ್ರುಮ್ಲೋವ್ ಊರು, ವಿಯೆನ್ನಾದ ಶೋನ್‌ಬ್ರುನ್ ಅರಮನೆ, ಅಲ್ಲಿನ ಸಂಜೆ ಸಂಗೀತ ಕಛೇರಿ. ಐದು ಜನಕ್ಕೆ ಲೆಕ್ಕ ಹಾಕಿದರೆ ಎದೆ ಝಲ್ ಎನ್ನುತ್ತದೆ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಆಗಲ್ಲ. ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು? ಹೋಗಿ ಬಂದವರು ಸ್ವಲ್ಪ ಹೇಳಿ.

ಇಸಾರ್_ದಂಡೆ

ಮಲ್ಲಿಗೆಯವರೇ, ನಾನು ಮ್ಯೂನಿಕ್‌ನಲ್ಲಿ ಇರುವವನು. ಊರಿಂದ ಯಾರೇ ಬಂದರೂ ಪಸ್ಸಾವ್‌ಗೆ ಕರೆದುಕೊಂಡು ಹೋಗುತ್ತೇನೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ನದಿ ಕ್ರೂಸ್‌ಗೆ ಅಷ್ಟು ದುಡ್ಡು ಕೊಡುವುದು ಹಡಗು ಊರ ಮಧ್ಯದಲ್ಲೇ ನಿಲ್ಲುತ್ತದೆ ಎಂಬ ಕಾರಣಕ್ಕೆ. ಸಮುದ್ರದ ಹಡಗಿನ ಹಾಗೆ ಊರಾಚೆ ಬಂದರಲ್ಲಿ ಇಳಿಸಿ ಬಸ್ ಹತ್ತಿಸುವ ಕಥೆ ಇಲ್ಲಿಲ್ಲ. ಹೀಗಿರುವಾಗ ಪಸ್ಸಾವ್‌ನಲ್ಲಿ ಇಳಿದು ಬಸ್ ಹತ್ತಿ ಸಾಲ್ಜ್‌ಬರ್ಗ್‌ಗೆ ಓಡುವುದು ಯಾಕೆ? ಹೋಗಿ ಬರಲು ಬಸ್ಸಿನಲ್ಲೇ ಮೂರೂವರೆ, ನಾಲ್ಕು ಗಂಟೆ. ಅಲ್ಲಿ ಸಿಗುವ ಹೊತ್ತಿನಲ್ಲಿ ಗೈಡ್ ಹಿಂದೆ ಛತ್ರಿ ನೋಡಿಕೊಂಡು ನಡೆಯುವುದೇ ಆಗುತ್ತದೆ.

ಪಸ್ಸಾವ್ ಸಣ್ಣ ಊರು, ಆದರೆ ಮೂರು ನದಿ ಸೇರುವ ಜಾಗ. ನೀವು ಮೈಸೂರಿನವರು, ತಿರುಮಕೂಡಲು ನರಸೀಪುರ ನೋಡಿರುತ್ತೀರಿ. ಅಲ್ಲಿ ಕಾವೇರಿ, ಕಪಿಲೆ ಕಣ್ಣಿಗೆ ಕಾಣುತ್ತವೆ, ಸ್ಫಟಿಕ ಸರೋವರ ಗುಪ್ತ. ಇಲ್ಲಿ ಮೂರೂ ಕಾಣುತ್ತವೆ, ಬೇರೆ ಬೇರೆ ಬಣ್ಣದಲ್ಲಿ. ಆಲ್ಪ್ಸ್ ಬೆಟ್ಟದಿಂದ ಬರುವ ಇನ್ ನದಿ ಹಸಿರು ಮಿಶ್ರಿತ ಬೂದು. ಕಾಡಿನ ಜೌಗು ನೆಲದಿಂದ ಬರುವ ಇಲ್ಜ್ ಕಪ್ಪು. ನಡುವೆ ಡ್ಯಾನ್ಯೂಬ್. ಸರಾಸರಿ ನೋಡಿದರೆ ಇನ್ ನದಿಯಲ್ಲೇ ನೀರು ಜಾಸ್ತಿ, ಆದರೂ ಮುಂದೆ ಹೆಸರು ಉಳಿದದ್ದು ಡ್ಯಾನ್ಯೂಬ್‌ಗೆ! ಊರ ತುದಿಯಲ್ಲಿ ಮೂಲೆಯಂತೆ ಚಾಚಿದ ಒಂದು ಪಾರ್ಕ್ ಇದೆ, ಅಲ್ಲಿ ಬೆಂಚೂ ಇವೆ. ಹಾದಿ ಸಪಾಟು. ಅತ್ತೆಯವರು ಆರಾಮಾಗಿ ಬರಬಹುದು.

ಹಾಗೆಯೇ ಹಳೆ ಟೌನ್ ಹಾಲ್ ಗೋಡೆ ನೋಡಿ. ನೆರೆ ಬಂದ ವರ್ಷ, ನೀರು ಎಲ್ಲಿಯವರೆಗೆ ಏರಿತು ಎಂಬ ಗೆರೆ, ಒಂದರ ಮೇಲೊಂದು. ತೀರಾ ಮೇಲೆ 1501. ಅದರ ಕೆಳಗೆ 2013. ಆ ವರ್ಷ ಜೂನ್‌ನಲ್ಲಿ ನದಿ 12.89 ಮೀಟರ್ ಮುಟ್ಟಿತ್ತು. ಇನ್ನೂ ಕೆಳಗೆ 1954. 2013ರ ಗೆರೆ ನೋಡಲು ಕತ್ತೆತ್ತಬೇಕು. ಪಕ್ಕದಲ್ಲೇ ಹೋಟೆಲಿನವರು ಮೇಜು ಹಾಕಿ ಕಾಫಿ ಕೊಡುತ್ತಿರುತ್ತಾರೆ.

ಕೊನೆಗೆ ಸೇಂಟ್ ಸ್ಟೀಫನ್ ಕೆಥೆಡ್ರಲ್. ಅಲ್ಲಿನ ಆರ್ಗನ್‌ನಲ್ಲಿ ಹತ್ತಿರ ಹತ್ತಿರ 18 ಸಾವಿರ ಕೊಳವೆಗಳು. ಬೇಸಿಗೆ ತಿಂಗಳುಗಳಲ್ಲಿ ಮಧ್ಯಾಹ್ನ ಅರ್ಧ ಗಂಟೆ ನುಡಿಸುವ ಪದ್ಧತಿ ಇದೆ. ನಿಮ್ಮ ದಿನಕ್ಕೆ ಇದೆಯಾ ಎಂದು ಮೊದಲೇ ನೋಡಿಕೊಳ್ಳಿ.

ಕರಾವಳಿ_ಕಾಗೆ

ಮುಂಗಡ ಕಟ್ಟಿ ಆಗಿದೆ ಎಂದಿದ್ದೀರಿ, ಇಲ್ಲದಿದ್ದರೆ ಹಡಗೇ ಬೇಡ ಎನ್ನುತ್ತಿದ್ದೆ. ವಿಯೆನ್ನಾದಲ್ಲಿ ರೂಮ್ ಮಾಡಿ, ಬೆಳಗ್ಗೆ ರೈಲಿನಲ್ಲಿ ಮೆಲ್ಕ್‌ಗೆ ಹೋಗಿ, ಅಲ್ಲಿಂದ ದಿನದ ದೋಣಿಯಲ್ಲಿ ಕ್ರೆಮ್ಸ್‌ವರೆಗೆ ಬಂದು, ಮತ್ತೆ ರೈಲಿನಲ್ಲಿ ವಿಯೆನ್ನಾ ಸೇರಬಹುದು. ಈ ನದಿಯ ಅತಿ ಚಂದದ ಭಾಗ ಅಷ್ಟರಲ್ಲೇ ಮುಗಿಯುತ್ತದೆ. ಮೆಲ್ಕ್‌ನಿಂದ ಹೊಳೆ ಇಳಿಯುವ ದಿಕ್ಕಿನಲ್ಲಿ ಬನ್ನಿ, ಒಂದೂವರೆ ಗಂಟೆ ಸ್ವಲ್ಪ ಮೇಲೆ. ಎದುರು ಹೊಳೆಗೆ ಹೋದರೆ ಹತ್ತಿರ ಹತ್ತಿರ ಮೂರು ಗಂಟೆ. ವಿಯೆನ್ನಾದಿಂದ ಬ್ರಾಟಿಸ್ಲಾವಾಕ್ಕೂ ವೇಗದ ದೋಣಿ ಇದೆ.

ಓದುವ ಬೇರೆಯವರಿಗೆ ಉಪಯೋಗ ಆಗಲಿ ಎಂದು ಹೇಳಿದೆ, ಅಷ್ಟೇ.

ಮೈಸೂರು_ಮಲ್ಲಿಗೆ

ಕಾಗೆಯವರೇ, ಲೆಕ್ಕ ಸರಿಯೇ. ಆದರೆ ಮಾವನವರಿಗೆ ದಿನಾ ಸೂಟ್‌ಕೇಸ್ ಕಟ್ಟಿ ಬಿಚ್ಚುವುದು ಆಗಲ್ಲ. ರೂಮ್ ನಮ್ಮ ಜೊತೆಗೇ ಬರುತ್ತದೆ ಎಂಬುದೇ ಅವರಿಗೆ ಹಿಡಿಸಿದ್ದು.

ಇಸಾರ್ ಅವರೇ, ಪಸ್ಸಾವ್ ಬಗ್ಗೆ ಓದಿದ ಮೇಲೆ ಸಾಲ್ಜ್‌ಬರ್ಗ್ ಬಿಡೋಣ ಎನ್ನಿಸಿತು. ಆದರೆ ಮಗ ಒಪ್ಪುತ್ತಿಲ್ಲ. ಅವನು ಪಾಶ್ಚಾತ್ಯ ಸಂಗೀತ ಕಲಿಯುತ್ತಾನೆ, ಮೊಜಾರ್ಟ್ ಹುಟ್ಟಿದ ಮನೆ ನೋಡಲೇಬೇಕಂತೆ.

ಶರಾವತಿ

ಮಗನ ಪರವಾಗಿ ನನ್ನದೊಂದು ಓಟು. ಇಸಾರ್ ಸರ್, ನೀವು ಮ್ಯೂನಿಕ್‌ನಲ್ಲಿ ಇದ್ದೀರಿ. ಸಾಲ್ಜ್‌ಬರ್ಗ್ ನಿಮಗೆ ರೈಲಿನಲ್ಲಿ ಎರಡು ಗಂಟೆಯೂ ಇಲ್ಲ, ಭಾನುವಾರ ಬೇಸರವಾದರೆ ಹೋಗಿ ಬರುತ್ತೀರಿ. ನಾವು ಊರಿಂದ ವೀಸಾ ಮಾಡಿಸಿಕೊಂಡು, ರಜೆ ಹೊಂದಿಸಿಕೊಂಡು, ಸಾಲದ ಕಂತಿನ ಮಧ್ಯೆ ಬರುವವರು. ಆ ಕಡೆ ಮತ್ತೆ ಯಾವಾಗ ಬರುತ್ತೇವೋ! ಬಸ್ಸಿನಲ್ಲಿ ನಾಲ್ಕು ಗಂಟೆ ಕೂತರೆ ಏನಾಯಿತು? ಶಿವಮೊಗ್ಗದಿಂದ ಬೆಂಗಳೂರಿಗೆ ಅದಕ್ಕಿಂತ ಜಾಸ್ತಿ ಕೂರುತ್ತೇವೆ.

ಆದರೆ ಅತ್ತೆಯವರನ್ನು ಕರೆದುಕೊಂಡು ಹೋಗಬೇಡಿ. ನನ್ನ ಅಮ್ಮನ ಜೊತೆ ಹೋಗಿದ್ದೆ, ಹಾಗಾಗಿ ಹೇಳುತ್ತಿದ್ದೇನೆ. ಬಸ್ಸಲ್ಲ ಕಷ್ಟ. ಇಳಿದ ಮೇಲೆ ಗುಂಪಿನ ವೇಗಕ್ಕೆ ನಡೆಯುವುದು ಕಷ್ಟ. ಗೈಡ್ ಕಿವಿಗೆ ಹಾಕುವ ಯಂತ್ರದಲ್ಲಿ ಮಾತಾಡುತ್ತಾ ಮುಂದೆ ಹೋಗಿಬಿಡುತ್ತಾರೆ. ನಾವು ಹಿಂದೆ ಬಿದ್ದರೆ ಗೊರಗೊರ ಸದ್ದು ಮಾತ್ರ ಕೇಳಿಸುತ್ತದೆ. ಅಮ್ಮ ಅದನ್ನು ಕಿತ್ತು ನನ್ನ ಬ್ಯಾಗಿಗೆ ಹಾಕಿ "ನೀ ಕೇಳಿ ಆಮೇಲೆ ಹೇಳು" ಎಂದುಬಿಟ್ಟರು. ಬಹಳ ಹಡಗುಗಳಲ್ಲಿ ನಿಧಾನ ನಡೆಯುವವರಿಗೆ ಬೇರೆ ಗುಂಪು ಮಾಡುತ್ತಾರೆ. ಹತ್ತಿದ ದಿನವೇ ರಿಸೆಪ್ಷನ್‌ನಲ್ಲಿ ಹೆಸರು ಬರೆಸಿ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.

ಇಸಾರ್_ದಂಡೆ

ಶರಾವತಿ ಮೇಡಂ, ಒಪ್ಪಿದೆ, ಮ್ಯೂನಿಕ್‌ನಲ್ಲಿ ಕೂತು ಹೇಳುವುದು ಸುಲಭ. ಹಾಗಾದರೆ ಮಗನಿಗೆ ಬೇರೆ ದಾರಿ ಹೇಳುತ್ತೇನೆ. ಲಿಂಟ್ಸ್‌ನಿಂದ ಸಾಲ್ಜ್‌ಬರ್ಗ್‌ಗೆ ನೇರ ರೈಲಿದೆ, ಒಂದು ಗಂಟೆ ಚಿಲ್ಲರೆ. ಬಸ್ಸಿಗಿಂತ ಬೇಗ, ಟಿಕೆಟ್ ಮೊದಲೇ ತೆಗೆದರೆ ಟೂರ್‌ಗಿಂತ ಬಹಳ ಅಗ್ಗ. ಗೆಟ್ರೈಡೆಗಾಸ್ಸೆ ಬೀದಿಯ 9ನೇ ನಂಬರ್ ಮನೆಯಲ್ಲಿ ಮೊಜಾರ್ಟ್ 1756ರಲ್ಲಿ ಹುಟ್ಟಿದ್ದು. ತಾನೇ ಹೋದರೆ ಅಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ಒಂದೇ ಒಂದು ಎಚ್ಚರ. ಹಡಗಿನವರ ಬಸ್ ತಡವಾದರೆ ಹಡಗು ಕಾಯುತ್ತದೆ. ನಿಮ್ಮ ಮಗನ ರೈಲು ತಡವಾದರೆ ಕಾಯುವುದಿಲ್ಲ. ಹೊರಡುವ ಹೊತ್ತಿಗೆ ಎರಡು ಗಂಟೆ ಮೊದಲು ಲಿಂಟ್ಸ್ ತಲುಪುವ ರೈಲು ಹಿಡಿಯಲಿ. ತಪ್ಪಿದರೂ ಪ್ರಳಯ ಆಗಲ್ಲ ಬಿಡಿ, ಮುಂದಿನ ನಿಲ್ದಾಣ ಮೆಲ್ಕ್, ಅಲ್ಲಿಗೂ ರೈಲಿದೆ. ಆದರೆ ನಿಮಗೆ ರಾತ್ರಿ ನಿದ್ದೆ ಬರಲ್ಲ, ಅಲ್ವಾ?

ಲಿಂಟ್ಸ್‌ನಲ್ಲಿ ಉಳಿದವರು ಬೇಸರ ಪಡಬೇಕಿಲ್ಲ. ದೊಡ್ಡ ಚೌಕ ಹಡಗಿಂದ ನಡೆದು ಹೋಗುವ ದೂರ. ಅಲ್ಲೇ ಪಾಸ್ಟ್ಲಿಂಗ್‌ಬರ್ಗ್ ಗುಡ್ಡಕ್ಕೆ ಹೋಗುವ ಟ್ರಾಮ್ ಸಿಗುತ್ತದೆ. ಕಡಿದಾದ ಏರು, ಮೆಟ್ಟಿಲು ಹತ್ತುವ ಕೆಲಸ ಇಲ್ಲ. ಮೇಲಿಂದ ಊರು, ನದಿ ಎಲ್ಲಾ ಕಾಣುತ್ತದೆ. ಚೆಸ್ಕಿ ಕ್ರುಮ್ಲೋವ್ ಚಂದದ ಊರು, ಸುಳ್ಳು ಹೇಳಲ್ಲ. ಆದರೆ ಪೂರ್ತಿ ಕಲ್ಲು ಹಾಸಿದ ಇಳಿಜಾರು ಬೀದಿಗಳು. ಮಂಡಿ ನೋವಿನವರಿಗೆ ಬೇಡವೇ ಬೇಡ.

ಧಾರವಾಡ_ಪೇಢೆ

ನಾನು ಇತಿಹಾಸದ ಮಾಸ್ತರ, ನಿವೃತ್ತಿಯಾದ ಮೇಲೆ ಹೋಗಿ ಬಂದವ. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ ಬಗ್ಗೆ ಹೇಳುವುದಿದೆ. ಸ್ವಲ್ಪ ಉದ್ದ ಆದೀತು, ತಡ್ಕೊಳ್ರಿ.

ಮೆಲ್ಕ್‌ನಲ್ಲಿ ಬೆನೆಡಿಕ್ಟ್ ಪಂಥದ ಸನ್ಯಾಸಿಗಳು 1089ರಿಂದ ಇದ್ದಾರೆ. ಈಗ ಕಾಣುವ ಹಳದಿ ಬಣ್ಣದ ಕಟ್ಟಡ 1702ರಲ್ಲಿ ಶುರುವಾದದ್ದು, ಪ್ರಾಂಟೌವರ್ ಎಂಬ ವಾಸ್ತುಶಿಲ್ಪಿಯದು. ಹಡಗಿನಿಂದ ನೋಡಿದರೆ ಮಠ ಅನ್ನಿಸುವುದಿಲ್ಲ, ಚಕ್ರವರ್ತಿಯ ಅರಮನೆ ಅನ್ನಬೇಕು. ಒಳಗೆ ಹೋಗುವ ಟೂರ್ ಹಡಗಿನವರದೇ ತಗೊಳ್ರಿ. ಇದೊಂದು ಕಡೆ ನಾನು ಅದನ್ನೇ ಹೇಳುತ್ತೇನೆ. ಬಸ್ ಮೇಲಿನ ಗೇಟಿನವರೆಗೆ ಬಿಡುತ್ತದೆ, ಏರು ತಪ್ಪುತ್ತದೆ.

ಒಳಗೆ ಅಮೃತಶಿಲೆಯ ಸಭಾಂಗಣ ಅಂತ ಒಂದಿದೆ. ಹೆಸರಷ್ಟೇ. ಬಾಗಿಲ ಚೌಕಟ್ಟು ಬಿಟ್ಟರೆ ಗೋಡೆಯೆಲ್ಲಾ ಗಾರೆ, ಅಮೃತಶಿಲೆಯಂತೆ ಬಣ್ಣ ಕಟ್ಟಿದ್ದಾರೆ. ಅದಕ್ಕಿಂತ ಮಜಾ ಚಾವಣಿ. ಪೌಲ್ ಟ್ರೋಗರ್ ಬರೆದ ಚಿತ್ರ. ಸಭಾಂಗಣದ ನಟ್ಟ ನಡುವೆ ನಿಂತು ಮೇಲೆ ನೋಡಿದರೆ ಕಂಬಗಳು ನೆಟ್ಟಗೆ ಆಕಾಶಕ್ಕೆ ಏರಿದಂತೆ ಕಾಣುತ್ತವೆ. ಹಾಗೇ ನೋಡುತ್ತಾ ಗೋಡೆಯ ಕಡೆ ನಡೀರಿ. ಕಂಬಗಳೆಲ್ಲಾ ಒಂದು ಪಕ್ಕಕ್ಕೆ ವಾಲತೊಡಗುತ್ತವೆ, ಇನ್ನೇನು ತಲೆ ಮೇಲೆ ಬೀಳುತ್ತವೆ ಅನ್ನಿಸುತ್ತದೆ. ಚಾವಣಿ ಇರುವುದು ಬಹುಮಟ್ಟಿಗೆ ಸಪಾಟು! ನಮ್ಮ ಗೈಡ್ ಇದನ್ನು ಹೇಳದೆ ಮುಂದೆ ನಡೆದಳು. ನೀವು ಮಾತ್ರ ನಡೆದು ನೋಡ್ರಿ.

ಆಮೇಲೆ ಗ್ರಂಥಾಲಯ. ಒಂದು ಲಕ್ಷದಷ್ಟು ಪುಸ್ತಕ, ಒಂದೇ ಬಗೆಯ ಚಿನ್ನದ ಬಣ್ಣದ ರಟ್ಟು. ನಾನು ಹೋದಾಗ ಫೋಟೋ ತೆಗೆಯಲು ಬಿಡಲಿಲ್ಲ, ಒಳ್ಳೇದೇ ಆಯಿತು. ಜನ ಕಣ್ಣಿಂದ ನೋಡಿದರು.

ಮೆಲ್ಕ್ ಬಿಟ್ಟ ಮೇಲೆ ಯಾರೂ ಕೋಣೆಯಲ್ಲಿ ಕೂರಬೇಡ್ರಿ, ಊಟ ತಡವಾದರೂ ಪರವಾಗಿಲ್ಲ. ಸುಮಾರು 36 ಕಿಲೋಮೀಟರ್ ಅಷ್ಟೇ. ಬಲದಂಡೆಯಲ್ಲಿ ಗುಡ್ಡದ ಮೇಲೆ ಆಗ್‌ಸ್ಟೈನ್ ಕೋಟೆಯ ಅವಶೇಷ. ಎಡದಂಡೆಯಲ್ಲಿ ವಿಲೆಂಡಾರ್ಫ್ ಎಂಬ ಸಣ್ಣ ಹಳ್ಳಿ, ಬಹಳ ಜನ ನೋಡದೆ ದಾಟಿಬಿಡುತ್ತಾರೆ. 1908ರಲ್ಲಿ ಅಲ್ಲಿ ಒಂದು ಪುಟ್ಟ ಕಲ್ಲಿನ ಹೆಣ್ಣು ಮೂರ್ತಿ ಸಿಕ್ಕಿತು, 11 ಸೆಂಟಿಮೀಟರ್ ಎತ್ತರ. ಮಾಡಿ ಹತ್ತಿರ ಹತ್ತಿರ 30 ಸಾವಿರ ವರ್ಷ ಆಗಿರಬೇಕು ಎನ್ನುತ್ತಾರೆ. ಮೂರ್ತಿ ಈಗ ವಿಯೆನ್ನಾದ ನಿಸರ್ಗ ಇತಿಹಾಸ ಮ್ಯೂಸಿಯಂನಲ್ಲಿದೆ. ಸಿಕ್ಕ ಊರನ್ನು ಇಲ್ಲಿ ನೋಡಿ, ಮೂರ್ತಿಯನ್ನು ಅಲ್ಲಿ ನೋಡ್ರಿ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಕ್ಕೆ ಒಂದು ಪ್ರತ್ಯೇಕ ಕೋಣೆಯನ್ನೇ ಕೊಟ್ಟಿದ್ದಾರೆ.

ಮುಂದೆ ಡ್ಯೂರ್ನ್‌ಸ್ಟೈನ್. ನೀಲಿ ಗೋಪುರದ ಚರ್ಚ್, ಮೇಲೆ ಗುಡ್ಡದಲ್ಲಿ ಪಾಳು ಕೋಟೆ. ಇಂಗ್ಲೆಂಡಿನ ದೊರೆ ರಿಚರ್ಡ್ ಸೆರೆಯಲ್ಲಿದ್ದದ್ದು ಇಲ್ಲೇ. ಪವಿತ್ರ ಭೂಮಿಯ ಯುದ್ಧದಲ್ಲಿ ಆಕ್ರ್ ನಗರ ಗೆದ್ದಾಗ ಆಸ್ಟ್ರಿಯಾದ ಒಡೆಯ ಐದನೇ ಲಿಯೋಪೋಲ್ಡನ ಧ್ವಜವನ್ನು ರಿಚರ್ಡನ ಕಡೆಯವರು ಕಿತ್ತು ಬಿಸಾಡಿದ್ದರು. ರಿಚರ್ಡ್ ಊರಿಗೆ ಮರಳುವಾಗ ಲಿಯೋಪೋಲ್ಡನ ನಾಡಿನಲ್ಲೇ ವೇಷ ಮರೆಸಿ ಹೊರಟ. 1192ರ ಡಿಸೆಂಬರ್‌ನಲ್ಲಿ ವಿಯೆನ್ನಾ ಹತ್ತಿರ ಸಿಕ್ಕಿಬಿದ್ದ. ಬಿಡಿಸಿಕೊಳ್ಳಲು ಇಂಗ್ಲೆಂಡಿನವರು ರಾಶಿ ರಾಶಿ ಬೆಳ್ಳಿ ತೆರಬೇಕಾಯಿತು. ಆ ಬೆಳ್ಳಿಯಲ್ಲಿ ತನ್ನ ಪಾಲು ಬಂದದ್ದನ್ನು ಲಿಯೋಪೋಲ್ಡ್ ವಿಯೆನ್ನಾ ಕೋಟೆಗೋಡೆಗೆ, ವೀನರ್ ನೊಯ್‌ಸ್ಟಾಟ್ ಎಂಬ ಹೊಸ ಊರಿಗೆ ಹಾಕಿದ. ಅಂದರೆ ಮರುದಿನ ವಿಯೆನ್ನಾದಲ್ಲಿ ನೀವು ಓಡಾಡುವ ನೆಲಕ್ಕೂ ಈ ಗುಡ್ಡಕ್ಕೂ ಲೆಕ್ಕಪತ್ರದ ಸಂಬಂಧ ಇದೆ.

ಕೋಟೆಗೆ ಹತ್ತಲು ಇಪ್ಪತ್ತು-ಮೂವತ್ತು ನಿಮಿಷ, ಕಲ್ಲು ದಾರಿ. ಮಗ ಮತ್ತು ಯಜಮಾನರು ಹತ್ತಲಿ. ಹಿರಿಯರು ಕೆಳಗಿನ ಒಂದೇ ಬೀದಿಯಲ್ಲಿ ತಿರುಗಾಡಿದರೆ ಸಾಕು. ಇಲ್ಲಿ ಟೂರ್ ಬೇಕಿಲ್ಲ. ಇರುವುದೇ ಒಂದು ಬೀದಿ, ಕಳೆದುಹೋಗಲು ಜಾಗವಿಲ್ಲ.

ತಿಂಡಿಪೋತ

ಮಾಸ್ತರರೇ, ಇಷ್ಟೆಲ್ಲಾ ಹೇಳಿ ಏಪ್ರಿಕಾಟ್ ಬಿಟ್ಟಿರಲ್ಲ! ವಾಖಾವ್ ಅಂದರೆ ಏಪ್ರಿಕಾಟ್. ಜುಲೈನಲ್ಲಿ ಹಣ್ಣು, ಏಪ್ರಿಲ್ ಹೊತ್ತಿಗೆ ಹೂವು. ಬೇರೆ ತಿಂಗಳು ಹೋದರೂ ಜಾಮ್ ಸಿಗುತ್ತದೆ, ತನ್ನಿ.

ಅತ್ತೆಯವರ ಊಟದ ವಿಷಯ. ಹಡಗಿನಲ್ಲಿ ಸಸ್ಯಾಹಾರ ಸಿಗುತ್ತದೆ, ಆದರೆ "ಮೊಟ್ಟೆಯೂ ಬೇಡ" ಎಂಬುದನ್ನು ಬುಕಿಂಗ್‌ನಲ್ಲೇ ಬರೆಸಿ, ಹತ್ತಿದ ಮೇಲೆ ಅಡುಗೆಯವರಿಗೆ ಮತ್ತೊಮ್ಮೆ ಹೇಳಿ. ದಡದಲ್ಲಿ ಜಾಸ್ತಿ ಎಚ್ಚರ ಬೇಕು. ಆಸ್ಟ್ರಿಯಾದಲ್ಲಿ ಆಲೂಗಡ್ಡೆ ಸೂಪ್ ಎಂದರೆ ಅದರಲ್ಲಿ ಹಂದಿ ಮಾಂಸದ ಚೂರು ಇರಬಹುದು. ಸಲಾಡಿಗೂ ಉದುರಿಸಿರುತ್ತಾರೆ. ಕೈಸರ್‌ಶ್ಮಾರ್ನ್ ಎಂಬ ಸಿಹಿ ನೋಡಲು ಚಂದ, ಪೂರ್ತಿ ಮೊಟ್ಟೆ. ಬುಡಾಪೆಸ್ಟ್‌ನಲ್ಲಿ ಲಾಂಗೋಶ್ ತಿನ್ನಿ. ಹಿಟ್ಟು ಹುಳಿ ಬರಿಸಿ, ತಟ್ಟಿ, ಕರಿದು, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್. ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಕೇಳಿಕೊಳ್ಳಿ, ಕೆಲವರು ಹಳೇ ಪದ್ಧತಿಯಂತೆ ಹಂದಿ ಕೊಬ್ಬು ಬಳಸುತ್ತಾರೆ. ಗುಲಾಶ್ ದನದ ಮಾಂಸದ್ದು, ಹೆಸರು ಕೇಳಿ ಮೋಸ ಹೋಗಬೇಡಿ.

ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ಕೋಣೆಯಲ್ಲಿ ಕೆಟಲ್ ಹಚ್ಚಲು ಬಹಳ ಹಡಗುಗಳಲ್ಲಿ ಬಿಡುವುದಿಲ್ಲ. ಬಿಸಿನೀರು ಕಾಫಿ ಮೆಷಿನ್‌ನಲ್ಲಿ ಹಗಲೂ ರಾತ್ರಿ ಸಿಗುತ್ತದೆ.

ಕರಾವಳಿ_ಕಾಗೆ

ವಿಯೆನ್ನಾದಲ್ಲಿ ಹಡಗು ಸಾಮಾನ್ಯವಾಗಿ ರೈಕ್ಸ್‌ಬ್ರೂಕ ಸೇತುವೆ ಹತ್ತಿರ ನಿಲ್ಲುತ್ತದೆ. ಅಲ್ಲಿಂದ ಊರ ನಡುವೆ ಹೋಗಲು ಹಡಗಿನವರ ಬಸ್ಸಿಗೆ ದುಡ್ಡು ಕೊಡುವುದು ಸುಮ್ನೆ ದಂಡ. ಫೋರ್‌ಗಾರ್ಟನ್‌ಸ್ಟ್ರಾಸೆ ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗಿ, ಯು1 ಹತ್ತಿ. ನಾಲ್ಕನೇ ನಿಲ್ದಾಣ ಸ್ಟೆಫಾನ್ಸ್‌ಪ್ಲಾಟ್ಸ್. ಮೆಟ್ರೋದಿಂದ ಮೇಲೆ ಬಂದರೆ ಎದುರಿಗೇ ಕೆಥೆಡ್ರಲ್. ಲಿಫ್ಟ್ ಇದೆ, ಅತ್ತೆಯವರಿಗೂ ಕಷ್ಟ ಇಲ್ಲ. ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು, ಅದನ್ನು ಮಗನಿಗೆ ಬಿಡಿ.

ಸಂಜೆ ಕಛೇರಿ ಬಗ್ಗೆ: ಬಿಳಿ ವಿಗ್ ಹಾಕಿದವರು ಪ್ರವಾಸಿಗರಿಗೆಂದು ಚೂರು ಚೂರು ನುಡಿಸುವ ಕಾರ್ಯಕ್ರಮ. ನಮ್ಮ ಗುಂಪಿನ ಅರ್ಧ ಜನ ನಿದ್ದೆ ಹೋಗಿದ್ದರು, ಟಿಕೆಟ್ ದರ ಕೇಳಿದವರಿಗೆ ಮಾತ್ರ ಎಚ್ಚರ ಇತ್ತು. ಸಂಗೀತ ಕಲಿಯುವ ಮಗ ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ತೆಗೆಯಲಿ. ಟಿಕೆಟ್ ಅಗ್ಗ, ಸಂಗೀತ ಅಸಲಿ. ಜುಲೈ-ಆಗಸ್ಟ್‌ನಲ್ಲಿ ಮಾತ್ರ ಒಪೆರಾ ರಜೆ.

ಇಸಾರ್_ದಂಡೆ

ಕಾಗೆಯವರ ಮಾತಿಗೆ ಸಣ್ಣ ಸೇರಿಕೆ. ಕೆಲವು ಹಡಗುಗಳು ನುಸ್‌ಡಾರ್ಫ್‌ನಲ್ಲಿ ನಿಲ್ಲುತ್ತವೆ. ಆಗ ಹತ್ತಿರದ ಮೆಟ್ರೋ ಯು4, ಹೈಲಿಗನ್‌ಸ್ಟಾಟ್. ಹಿಂದಿನ ದಿನ ಸಂಜೆ ಕೇಳಿಕೊಳ್ಳಿ.

ವಿಯೆನ್ನಾಕ್ಕೆ ಬಂದವರು "ನದಿ ಎಲ್ಲಿ?" ಎನ್ನುತ್ತಾರೆ. ಹಳೇ ಊರ ಪಕ್ಕ ಹರಿಯುವುದು ಬರೀ ಕಾಲುವೆ. 1870ರ ದಶಕದಲ್ಲಿ ಮುಖ್ಯ ನದಿಯನ್ನು ನೇರ ಮಾಡಿ ಹೊಸ ಪಾತ್ರದಲ್ಲಿ ಹರಿಸಿದರು. ಆಮೇಲೆ 1972ರಿಂದ 1988ರವರೆಗೆ ಪಕ್ಕದಲ್ಲೇ ಇನ್ನೊಂದು ಕಾಲುವೆ ತೋಡಿದರು. ತೋಡಿದ ಮಣ್ಣಿನಿಂದ ಆದದ್ದೇ 21 ಕಿಲೋಮೀಟರ್ ಉದ್ದದ ಡೋನಾವ್ ಇನ್‌ಸೆಲ್ ದ್ವೀಪ. ನೆರೆ ಬಂದರೆ ಹೆಚ್ಚಿನ ನೀರು ಆ ಕಾಲುವೆಗೆ. ಪಸ್ಸಾವ್ ಗೋಡೆಯ ಗೆರೆಗಳನ್ನು ನೋಡಿ ಬಂದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಹಡಗಿನ ಡೆಕ್‌ನಿಂದಲೇ ದ್ವೀಪ ಕಾಣುತ್ತದೆ. ಬೇಸಿಗೆಯಲ್ಲಿ ಜನ ಅಲ್ಲಿ ಈಜುತ್ತಿರುತ್ತಾರೆ.

ಶೋನ್‌ಬ್ರುನ್ ಬಗ್ಗೆ. 1,441 ಕೋಣೆಗಳ ಅರಮನೆ, ಜನರಿಗೆ ತೋರಿಸುವುದು ಹೆಚ್ಚೆಂದರೆ ನಲವತ್ತು. ಮೈಸೂರು ಅರಮನೆ ಊರಿನವರಿಗೆ ಕೋಣೆ ಕೋಣೆ ತಿರುಗುವ ಆಸೆ ಎಷ್ಟಿದೆಯೋ ನೋಡಿಕೊಳ್ಳಿ. ತೋಟಕ್ಕೆ ಪ್ರವೇಶ ಉಚಿತ. ಒಳಗೆ ಹೋಗುವುದಾದರೆ ಟಿಕೆಟ್ ಸಮಯ ಹಾಕಿ ಮೊದಲೇ ತೆಗೆಯಿರಿ. ಅಲ್ಲಿ ನಿಂತು ತೆಗೆಯುತ್ತೇನೆ ಎಂದರೆ ಅರ್ಧ ದಿನ ಹೋಯಿತು.

ಮೈಸೂರು_ಮಲ್ಲಿಗೆ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಮಾವನವರಿಗೆ ಓದಿ ಹೇಳಿದೆ. ರಿಚರ್ಡ್ ದೊರೆ ಕಥೆಗೆ ಕಾಫಿ ಆರಿಹೋಯಿತು. ಬ್ರಾಟಿಸ್ಲಾವಾ ಹೇಗೆ? ಕೆಲವರು ಅಲ್ಲಿ ಏನೂ ಇಲ್ಲ ಎನ್ನುತ್ತಾರೆ.

ಧಾರವಾಡ_ಪೇಢೆ

ಏನೂ ಇಲ್ಲ ಅನ್ನುವವರು ವಿಯೆನ್ನಾ ನೋಡಿ ಸುಸ್ತಾಗಿ ಬಂದವರು ಇರಬೇಕು. ವಿಯೆನ್ನಾದಿಂದ ಬರೀ ಅರವತ್ತು ಕಿಲೋಮೀಟರ್. ಹಡಗಿಂದ ಇಳಿದು ಸ್ವಲ್ಪ ನಡೆದರೆ ಹಳೇ ಪೇಟೆ.

ತುರ್ಕರು ಬುಡಾ ನಗರ ಹಿಡಿದ ಮೇಲೆ ಹಂಗೇರಿಯ ದೊರೆಗಳ ಪಟ್ಟಾಭಿಷೇಕ ಇಲ್ಲಿನ ಸೇಂಟ್ ಮಾರ್ಟಿನ್ ಕೆಥೆಡ್ರಲ್‌ನಲ್ಲಿ ನಡೆಯುತ್ತಿತ್ತು, 1563ರಿಂದ 1830ರವರೆಗೆ. ಮರಿಯಾ ತೆರೇಸಾ ರಾಣಿಗೆ 1741ರಲ್ಲಿ ಕಿರೀಟ ಇಟ್ಟದ್ದೂ ಇಲ್ಲೇ. ಗೋಪುರದ ತುದಿಯಲ್ಲಿ ದಿಂಬಿನ ಮೇಲೆ ಚಿನ್ನದ ಬಣ್ಣದ ಕಿರೀಟ ಇಟ್ಟಿದ್ದಾರೆ, ಕೆಳಗಿನಿಂದ ಹುಡುಕಿ ನೋಡ್ರಿ. ಆದರೆ ಆ ಚರ್ಚಿನ ಮಗ್ಗುಲಲ್ಲೇ ಮೋಟಾರು ರಸ್ತೆ ಹೋಗುತ್ತದೆ. 1972ರಲ್ಲಿ ಮುಗಿದ ಹೊಸ ಸೇತುವೆಗೆ ದಾರಿ ಮಾಡಲು ಯಹೂದಿಗಳ ಹಳೇ ಕೇರಿಯನ್ನೇ ಕೆಡವಿದರು. ಆ ಸೇತುವೆಯ ಕಂಬದ ಮೇಲೆ ತಟ್ಟೆ ಕವುಚಿಟ್ಟಂಥ ಗೋಪುರ ಇದೆ, ಲಿಫ್ಟಿನಲ್ಲಿ ಹೋಗಬಹುದು. ನೋಟ ಚಂದ. ಚಂದ ನೋಡುವಾಗ ಕೆಡವಿದ್ದನ್ನೂ ನೆನೀಬೇಕು ಅಂತ ನನಗನ್ನಿಸಿತು.

ಮ್ಯಾನ್‌ಹೋಲ್‌ನಿಂದ ತಲೆ ಹೊರಗೆ ಹಾಕಿದ ಕಂಚಿನ ಮನುಷ್ಯನ ಹತ್ತಿರ ಫೋಟೋಗೆ ಕ್ಯೂ ಇರುತ್ತದೆ. ಎಲ್ಲರೂ ಮುಟ್ಟಿ ಮುಟ್ಟಿ ತಲೆ ಫಳಫಳ. ಅರ್ಧ ದಿನ ಸಾಕು ಈ ಊರಿಗೆ.

ಶರಾವತಿ

ಬುಡಾಪೆಸ್ಟ್ ನಾನು ಹೇಳುತ್ತೇನೆ, ಯಾರೂ ಬರೆದುಬಿಡಬೇಡಿ!

ಹಡಗು ಸಾಮಾನ್ಯವಾಗಿ ಪೆಸ್ಟ್ ದಂಡೆಯಲ್ಲಿ, ಊರ ನಡುವೆಯೇ ನಿಲ್ಲುತ್ತದೆ. ಹಡಗುಗಳು ಜಾಸ್ತಿ ಇದ್ದರೆ ಒಂದರ ಮಗ್ಗುಲಿಗೆ ಒಂದನ್ನು ಕಟ್ಟುತ್ತಾರೆ. ದಡಕ್ಕೆ ಹೋಗಲು ಪಕ್ಕದ ಹಡಗಿನ ಹಾಲ್ ದಾಟಿಕೊಂಡು ಹೋಗಬೇಕು. ಬಾಲ್ಕನಿಗೆ ಜಾಸ್ತಿ ದುಡ್ಡು ಕೊಟ್ಟು, ಬೆಳಗ್ಗೆ ಪರದೆ ಸರಿಸಿದರೆ ಎದುರು ಹಡಗಿನಲ್ಲಿ ಯಾರೋ ಹಲ್ಲುಜ್ಜುತ್ತಿದ್ದರು! ಈ ವಿಷಯ ಬುಕಿಂಗ್ ಮಾಡುವವರು ಯಾರೂ ಹೇಳುವುದಿಲ್ಲ.

ದಡದ ಉದ್ದಕ್ಕೂ 2ನೇ ನಂಬರ್ ಟ್ರಾಮ್ ಓಡುತ್ತದೆ. ಅದರಲ್ಲಿ ಕೂತರೆ ಚೈನ್ ಸೇತುವೆ, ಎದುರು ದಂಡೆಯ ಅರಮನೆ, ಪಾರ್ಲಿಮೆಂಟ್ ಎಲ್ಲಾ ಕಿಟಕಿಯಲ್ಲೇ. ಅತ್ತೆಯವರಿಗೆ ಇದಕ್ಕಿಂತ ಒಳ್ಳೆ ಟೂರ್ ಇಲ್ಲ. ಬಿಸಿನೀರ ಸ್ನಾನಕ್ಕೆ ಸೇಚೆನಿ ಸ್ನಾನಗೃಹ, 1913ರದು. 1896ರಲ್ಲಿ ಶುರುವಾದ ಹಳೇ ಮೆಟ್ರೋ, ಎಂ1, ಅದರ ಹತ್ತಿರವೇ ಬಿಡುತ್ತದೆ. ಪುಟ್ಟ ಹಳದಿ ಬೋಗಿಗಳು. ಈಜುಡುಗೆ ಕಡ್ಡಾಯ. ಸೀರೆಯಲ್ಲಿ ಇಳಿಯುತ್ತೇನೆ ಎಂದರೆ ಬಿಡುವುದಿಲ್ಲ, ಅಮ್ಮ ಕೇಳಿ ನೋಡಿದರು. ಮಂಡಿಗೆ ಆ ನೀರು ಹಿತ. ಆದರೆ ಬಿಪಿ ಇದ್ದರೆ ಡಾಕ್ಟರನ್ನು ಕೇಳಿ ಹೋಗಿ.

ಪಾರ್ಲಿಮೆಂಟ್ ಹತ್ತಿರ, ನದಿಯ ಅಂಚಿನಲ್ಲೇ, ಕಬ್ಬಿಣದ ಚಪ್ಪಲಿ-ಬೂಟುಗಳಿವೆ. ಅರವತ್ತು ಜೊತೆ. 1944-45ರಲ್ಲಿ ಇಲ್ಲಿನ ಆ್ಯರೋ ಕ್ರಾಸ್ ಎಂಬ ನಾಜಿ ಪರ ಪಕ್ಷದವರು ಯಹೂದಿಗಳನ್ನು ಈ ದಂಡೆಗೆ ತಂದು, ಬೂಟು ಬಿಚ್ಚಿಸಿ, ಗುಂಡು ಹಾರಿಸಿ ನದಿಗೆ ಬೀಳಿಸುತ್ತಿದ್ದರು. ಬೂಟಿಗೆ ಬೆಲೆ ಇತ್ತು, ಅದಕ್ಕೆ ಬಿಚ್ಚಿಸುತ್ತಿದ್ದರು. 2005ರಲ್ಲಿ ಈ ಸ್ಮಾರಕ ಮಾಡಿದರು. ಹಿಮ್ಮಡಿ ಸವೆದ ಗಂಡಸರ ಬೂಟು, ಎತ್ತರ ಹಿಮ್ಮಡಿಯ ಹೆಂಗಸರದು, ನಡುವೆ ಮಕ್ಕಳದು. ಕೆಲವದರ ಲೇಸ್ ಬಿಚ್ಚಿ ಬಿದ್ದಂತೆ ಮಾಡಿದ್ದಾರೆ. ಬಂದವರು ಅವುಗಳೊಳಗೆ ಹೂವು, ಕಲ್ಲು, ಮೇಣದ ಬತ್ತಿ ಇಟ್ಟು ಹೋಗುತ್ತಾರೆ. ಹಡಗಿನ ಟೂರ್‌ನವರು ಬಸ್ಸಿನಿಂದಲೇ ಬೆರಳು ತೋರಿಸಿ ಮುಂದೆ ಹೋದರು. ನಾವು ಮಧ್ಯಾಹ್ನ ಮತ್ತೆ ನಡೆದು ಹೋದೆವು.

ರಾತ್ರಿ ಹಡಗು ಪಾರ್ಲಿಮೆಂಟ್ ಎದುರು ಒಂದು ಸುತ್ತು ಹಾಕಿದರೆ ಅದನ್ನು ತಪ್ಪಿಸಬೇಡಿ. 96 ಮೀಟರ್ ಎತ್ತರದ ಗುಮ್ಮಟ, ಪೂರ್ತಿ ದೀಪ. ಒಂದು ಸ್ವೆಟರ್ ಹಾಕಿಕೊಂಡು ಮೇಲೆ ಹೋಗಿ, ಗಾಳಿ ಜೋರು.

ಬೆಂಗಳೂರು_ಮೋಡ

ನಾವೂ ಇದೇ ದಾರಿ ಯೋಚಿಸುತ್ತಿದ್ದೇವೆ. ಎರಡು ಪ್ರಶ್ನೆ. ವೀಸಾ ಯಾವ ದೇಶದ್ದು? ನೀರು ಕಡಿಮೆಯಾದರೆ ಹಡಗು ನಿಂತುಹೋಗುತ್ತದೆ ಎನ್ನುತ್ತಾರೆ, ನಿಜವಾ?

ಇಸಾರ್_ದಂಡೆ

ವೀಸಾ: ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ ನಾಲ್ಕೂ ಷೆಂಗನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಒಕ್ಕೂಟ. ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಈ ದಾರಿಯಲ್ಲಿ ಬಹುತೇಕ ಆಸ್ಟ್ರಿಯಾ ಆಗುತ್ತದೆ. ಆದರೆ ಬುಡಾಪೆಸ್ಟ್‌ನಲ್ಲೋ ಮ್ಯೂನಿಕ್‌ನಲ್ಲೋ ಹೆಚ್ಚು ದಿನ ಉಳಿದರೆ ಲೆಕ್ಕ ಬದಲಾಗುತ್ತದೆ. ಹಡಗು ಯಾವ ರಾತ್ರಿ ಎಲ್ಲಿ ಎಂಬ ಪಟ್ಟಿ ಕಂಪನಿಯಿಂದ ಬರೆಸಿಕೊಂಡು ಲಗತ್ತಿಸಿ. 30 ಸಾವಿರ ಯೂರೋ ಮೊತ್ತದ ವಿಮೆ ಬೇಕು. ಬೆಲ್‌ಗ್ರೇಡ್‌ವರೆಗೆ ಹೋಗುವ ಕ್ರೂಸ್ ಆದರೆ ಹುಷಾರ್. ಸರ್ಬಿಯಾ ಷೆಂಗನ್‌ನಲ್ಲಿ ಇಲ್ಲ, ಹೊರಗೆ ಹೋಗಿ ಮತ್ತೆ ಒಳಗೆ ಬರುವುದಾದರೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಇರುವ ವೀಸಾ ಬೇಕು.

ನೀರು: ನಿಜ. ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಕಡಿಮೆಯಾದರೆ ತಳ ತಾಗುತ್ತದೆ, ಜಾಸ್ತಿಯಾದರೆ ಸೇತುವೆ ಕೆಳಗೆ ನುಸುಳಲು ಆಗಲ್ಲ. ಒಣ ಬೇಸಿಗೆಯಲ್ಲಿ ಹೆಸರು ಕೆಟ್ಟ ಜಾಗ ಜರ್ಮನಿಯ ಶ್ಟ್ರೌಬಿಂಗ್‌ನಿಂದ ಫಿಲ್ಸ್‌ಹೋಫನ್‌ವರೆಗಿನ ಭಾಗ. ಅಲ್ಲಿ ನೀರು ಹಿಡಿದಿಡಲು ಅಣೆಕಟ್ಟು ಇಲ್ಲ. ನ್ಯೂರೆಂಬರ್ಗ್‌ನಿಂದ ಹೊರಟವರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಪಸ್ಸಾವ್‌ನಲ್ಲಿ ಹತ್ತಿದರೆ ಆ ಭಾಗ ತಪ್ಪಿತು. ಆಸ್ಟ್ರಿಯಾದಲ್ಲಿ ವಿದ್ಯುತ್ ಅಣೆಕಟ್ಟುಗಳು ಸಾಲಾಗಿ ಇರುವುದರಿಂದ ವಾಖಾವ್ ಮತ್ತು ವಿಯೆನ್ನಾದಿಂದ ಪೂರ್ವಕ್ಕೆ ಇರುವ ಭಾಗ ಬಿಟ್ಟರೆ ಆಳ ಬಹುಮಟ್ಟಿಗೆ ಸಿಗುತ್ತದೆ. ನೆರೆಗೆ ಮಾತ್ರ ಯಾರೂ ಗ್ಯಾರಂಟಿ ಕೊಡಲ್ಲ. 2024ರಲ್ಲಿ ಜೂನ್, ಸೆಪ್ಟೆಂಬರ್ ಎರಡು ಸಲ ನೆರೆ ಬಂದು ಹಡಗುಗಳು ನಿಂತಲ್ಲೇ ನಿಂತವು. ಹಾಗಾದಾಗ ಬಸ್ಸಿನಲ್ಲಿ ಊರು ತೋರಿಸುತ್ತಾರೆ, ಇಲ್ಲವೇ ಆಚೆ ಇರುವ ಇನ್ನೊಂದು ಹಡಗಿಗೆ ದಾಟಿಸುತ್ತಾರೆ. ಕರಾರಿನಲ್ಲಿ ಇದಕ್ಕೆ ದುಡ್ಡು ವಾಪಸ್ ಇದೆಯಾ ಎಂಬ ಸಾಲು ಹುಡುಕಿ ಓದಿ. ಬಹಳ ಕಡೆ ಇರುವುದಿಲ್ಲ.

ಕರಾವಳಿ_ಕಾಗೆ

ಅದಕ್ಕೇ ನಾನು ರೈಲು ಎಂದದ್ದು 😄

ಮೈಸೂರು_ಮಲ್ಲಿಗೆ

ಮನೆಯಲ್ಲಿ ಕೂತು ತೀರ್ಮಾನ ಮಾಡಿದೆವು. ಪಸ್ಸಾವ್‌ನಲ್ಲಿ ಎಲ್ಲರೂ ಊರಲ್ಲೇ. ಲಿಂಟ್ಸ್‌ನಿಂದ ಮಗ ಮತ್ತು ಯಜಮಾನರು ರೈಲಿನಲ್ಲಿ ಸಾಲ್ಜ್‌ಬರ್ಗ್, ನಾವು ಮೂವರು ಗುಡ್ಡದ ಟ್ರಾಮ್. ಮೆಲ್ಕ್‌ನಲ್ಲಿ ಹಡಗಿನ ಟೂರ್. ವಿಯೆನ್ನಾದಲ್ಲಿ ಮೆಟ್ರೋ, ಆ ಪುಟ್ಟ ಮೂರ್ತಿ, ಮಗನಿಗೆ ಒಪೆರಾ. ಶೋನ್‌ಬ್ರುನ್ ತೋಟ ಸಾಕು ಎಂದು ಮಾವ ಹೇಳಿದರು. ಅವರು ಸರ್ಕಾರಿ ಕೆಲಸದಲ್ಲಿದ್ದಾಗ ದಸರಾ ಡ್ಯೂಟಿ ಮಾಡಿ ಮಾಡಿ ಅರಮನೆ ಅಂದರೆ ಕಾಲು ನೋಯುತ್ತದಂತೆ. ಕಛೇರಿ ಕ್ಯಾನ್ಸಲ್.

ಕೊನೇ ಪ್ರಶ್ನೆ. ಕೋಣೆ ಹಡಗಿನ ಯಾವ ಪಕ್ಕ ಕೇಳಬೇಕು, ಎಡವೋ ಬಲವೋ?

ಇಸಾರ್_ದಂಡೆ

ಯಾವ ಪಕ್ಕ ಆದರೂ ಒಂದೇ. ಆಗ್‌ಸ್ಟೈನ್ ಬಲಕ್ಕೆ, ಡ್ಯೂರ್ನ್‌ಸ್ಟೈನ್ ಎಡಕ್ಕೆ, ಹೇಗಿದ್ದರೂ ಡೆಕ್ ಮೇಲೆ ಇರುತ್ತೀರಿ. ಕೇಳುವುದಾದರೆ ಎಂಜಿನ್‌ನಿಂದ ದೂರ, ಲಿಫ್ಟ್‌ಗೆ ಹತ್ತಿರ ಎಂದು ಕೇಳಿ. ಲಿಫ್ಟ್ ಎಲ್ಲಾ ಮಹಡಿಗೂ ಹೋಗುತ್ತದೆಯಾ ಎಂದೂ ಕೇಳಿ. ಕೆಲವು ಹಡಗುಗಳಲ್ಲಿ ಮೇಲಿನ ಡೆಕ್‌ಗೆ ಮೆಟ್ಟಿಲು ಮಾತ್ರ.

ಮೈಸೂರು_ಮಲ್ಲಿಗೆ

ಅಯ್ಯೋ, ಅದನ್ನು ಕೇಳಿಯೇ ಇರಲಿಲ್ಲ. ನಾಳೆ ಬೆಳಗ್ಗೆ ಏಜೆಂಟ್‌ಗೆ ಫೋನ್ ಮಾಡುತ್ತೇನೆ.